ಮಂಗಲಾದೇವಿಯ ನ್ಯಾಯತೀರ್ಪು



ಆದೋನಿಯ ಹತ್ತಿ ಮಾರುಕಟ್ಟೆಯ ವ್ಯವಹಾರ ಮುಗಿಸಿ ಗೃಹಸ್ಥರು ಮನೆ ಸೇರುವ ಹೊತ್ತಿಗೆ ದೂರದರ್ಶನದಲ್ಲಿ ಧಾರಾವಾಹಿ ಆರಂಭವಾಗಿರುತ್ತದೆ. ಸಿರಿವಂತರ ಮನೆ, ದಂಪತಿಗಳ ವಿರಸ, ನಡುವೆ ಒಂದು ಮಗು. ಅದು ಯಾರ ವಶಕ್ಕೆ ಸೇರಬೇಕೆಂಬ ದಾವೆ. ವಾಯಿದೆಯ ಮೇಲೆ ವಾಯಿದೆ ಬಿದ್ದು ಕಥೆ ತಿಂಗಳುಗಟ್ಟಲೆ ಬೆಳೆಯುತ್ತದೆ. ಪ್ರತಿಕ್ರಮಣದ ವೇಳೆ ಮೀರಿದರೂ ನೋಡುವವರು ಏಳುವುದಿಲ್ಲ. ಅದು ಬೇರೆಯೇ ಮಾತು. ಆದರೆ ಈ ಕಥೆ ಹೊಸದಲ್ಲ. ಐದನೆಯ ತೀರ್ಥಂಕರರ ನಾಮಧೇಯವೇ ಇಂತಹ ಒಂದು ವ್ಯಾಜ್ಯದಿಂದ ಬಂದುದು.

12ನೆಯ ಶತಮಾನದ ಹೇಮಚಂದ್ರಾಚಾರ್ಯರು ತ್ರಿಷಷ್ಟಿಶಲಾಕಾಪುರುಷಚರಿತದಲ್ಲಿ ಇದನ್ನು ನಿರೂಪಿಸಿದ್ದಾರೆ. ಧನಿಕ ವರ್ತಕನೊಬ್ಬನಿಗೆ ಇಬ್ಬರು ಪತ್ನಿಯರು, ಒಬ್ಬಳಿಗೆ ಮಾತ್ರ ಮಗ. ಇಬ್ಬರೂ ಆ ಶಿಶುವನ್ನು ಸಮಾನ ಪ್ರೀತಿಯಿಂದ ಸಲಹಿದರು. ವರ್ತಕನು ಪರದೇಶದ ವ್ಯಾಪಾರಕ್ಕೆ ಹೋದಾಗ ಮೃತನಾದನು. ಆಗ ಇಬ್ಬರೂ, ಮಗ ತನ್ನವನು, ದ್ರವ್ಯವೂ ತನ್ನದು ಎಂದರು. ಮಗನ ಹಿಂದೆಯೇ ಗಂಟೂ ಬರುವುದೆಂಬುದನ್ನು ವ್ಯಾಪಾರಸ್ಥರಿಗೆ ಬಿಡಿಸಿ ಹೇಳಬೇಕಿಲ್ಲ. ಮಗುವಿಗಿನ್ನೂ ಮಾತು ಬಾರದು. ಅಯೋಧ್ಯೆಯ ಅರಸನಿಗೂ ಮಂತ್ರಿಗಳಿಗೂ ನಿರ್ಣಯ ದೊರೆಯಲಿಲ್ಲ.

ಗರ್ಭವತಿಯಾಗಿದ್ದ ರಾಣಿ ಮಂಗಲಾದೇವಿ ಆ ಸ್ತ್ರೀಯರನ್ನು ಕರೆಸಿ, "ನನ್ನ ಉದರದಲ್ಲಿ ತ್ರಿಜ್ಞಾನಧಾರಿಯಾದ ತೀರ್ಥಂಕರನಿದ್ದಾನೆ. ಅವನು ಜನಿಸಿ ತೀರ್ಪು ಕೊಡುವವರೆಗೆ ಕಾಯಿರಿ" ಎಂದಳು. ಮಲತಾಯಿ ಕೂಡಲೇ ಒಪ್ಪಿದಳು. ಹೆತ್ತವಳು, "ಅಷ್ಟು ಕಾಲ ತಾಳಲಾರೆ ತಾಯಿ, ಈಗಲೇ ತೀರ್ಮಾನಿಸಿ" ಎಂದು ಅಂಗಲಾಚಿದಳು. ರಾಣಿ ಮಗುವನ್ನು ಅವಳಿಗೇ ಒಪ್ಪಿಸಿದಳು. ಗರ್ಭದಲ್ಲಿದ್ದಾಗ ತಾಯಿಗೆ ಸುಬುದ್ಧಿ ಉಂಟಾದುದರಿಂದ ಆ ಬಾಲಕನಿಗೆ ಸುಮತಿ ಎಂದು ಹೆಸರಾಯಿತು.

ಕಾಯುವುದರಿಂದ ಮಲತಾಯಿಗೆ ನಷ್ಟವಿರಲಿಲ್ಲ. ಹೆತ್ತವಳಿಗೋ, ಕಳೆಯುವ ಒಂದೊಂದು ದಿನವೂ ಮಗುವಿಲ್ಲದ ದಿನ. ಇಂದಿನ ಕಲಹಗಳಲ್ಲಿ ಎದುರುಬದುರಾಗುವವರು ಸ್ವಂತ ತಂದೆ ತಾಯಿಗಳೇ ಆದುದರಿಂದ ಯಾರು ನಿಜ, ಯಾರು ಸುಳ್ಳು ಎಂಬ ಪ್ರಶ್ನೆ ಏಳದು. ವಿಳಂಬವನ್ನು ಸಹಿಸಲಾರದವರು ಯಾರು ಎಂಬ ರಾಣಿಯ ಪ್ರಶ್ನೆ ಮಾತ್ರ ಉಳಿಯುತ್ತದೆ.

ಅಪ್ರಾಪ್ತ ವಯಸ್ಕರ ಪೋಷಕತ್ವದ ಬಗ್ಗೆ 1956ರಲ್ಲಿ ಆದ ಹಿಂದೂ ಕಾನೂನು ಜೈನರಿಗೂ ಅನ್ವಯಿಸುತ್ತದೆ. 5 ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು ಅದರ 6ನೆಯ ಕಲಮೂ, ಮಗುವಿನ ಹಿತವೇ ಪ್ರಧಾನವೆಂದು 13ನೆಯ ಕಲಮೂ ಹೇಳುತ್ತವೆ. ಮಕ್ಕಳು ತಂದೆ ತಾಯಿಗಳ ಸೊತ್ತಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1973ರಲ್ಲಿಯೇ ಎತ್ತಿ ಹೇಳಿತು. ಆದರೂ ಅಂಗಡಿ, ಮನೆ, ಬಂಗಾರಗಳ ಪಟ್ಟಿಯ ಕೊನೆಯಲ್ಲಿ ಮಗುವನ್ನೂ ಸೇರಿಸುವ ಮನೆತನಗಳಿವೆ. ಪಂಚಾಯಿತಿಗೆ ಕುಳಿತ ಹಿರಿಯರು ಹತ್ತಿಯ ಸುಗ್ಗಿ ಮುಗಿಯಲಿ, ಹಬ್ಬ ಕಳೆಯಲಿ ಎನ್ನುವಷ್ಟರಲ್ಲಿ ಮಗು ಶಾಲೆಯಲ್ಲಿ ಒಂದು ತರಗತಿ ದಾಟಿರುತ್ತದೆ. ಸಂವತ್ಸರಿಯ ದಿನ ಊರಿಗೆಲ್ಲ ಮಿಚ್ಛಾಮಿ ದುಕ್ಕಡಂ ಹೇಳುವವರು ದಾವೆ ಹೂಡಿದ ಬೀಗರ ಮನೆಯೊಂದನ್ನು ಬಿಟ್ಟು ಮುಂದೆ ಹೋಗುತ್ತಾರೆ. ಮೊಮ್ಮಗು ಇರುವುದು ಆ ಮನೆಯಲ್ಲಿಯೇ.