ಹೂವಿನ ಕಾಗದದ ಕೆಳಗೆ



ಮದುವೆಯ ಕರೆಯೋಲೆಗಳನ್ನು ಮದುವೆ ಮುಗಿದ ಮೇಲೆ ನೀವು ಏನು ಮಾಡುತ್ತೀರಿ? ಊಟ ಮಾಡಿ ಬಂದ ಮೇಲೆ ಅವುಗಳಿಂದ ಪ್ರಯೋಜನವೇನೂ ಇಲ್ಲ. ಆದರೂ ಬಿಸಾಡಲು ಮನಸ್ಸು ಬರುವುದಿಲ್ಲ. ಬಂಗಾರದ ಬಳ್ಳಿ, ಉಬ್ಬಿದ ಹೂವು, ಕೆಂಪು ಅಂಚು. ಕಾಗದ ಅಷ್ಟು ಚೆಂದ. ನಮ್ಮ ಧರ್ಮಕೇಂದ್ರದ ಮಕ್ಕಳು ಅವನ್ನೆಲ್ಲ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಕೂಡಿಡುತ್ತಾರೆ. ಸೀರೆ ಡಬ್ಬಿಯ ಹೊದಿಕೆ, ಹಳೆಯ ಕ್ಯಾಲೆಂಡರಿನ ಅಂಚು, ಅಂಗಡಿಯಿಂದ ತಂದ ಗ್ಲೇಜ್ ಕಾಗದ, ಗೋದಲಿ ಕಟ್ಟಿ ಮಿಕ್ಕ ಬಂಡೆಗಲ್ಲಿನ ಚಿತ್ತಾರದ ಹಾಳೆ, ಎಲ್ಲವೂ ಅದೇ ಪೆಟ್ಟಿಗೆಗೆ. ಹಬ್ಬ ಹತ್ತಿರ ಬಂದಾಗ ಅವರು ನೆಲದ ಮೇಲೆ ಕುಳಿತು ಕತ್ತರಿಸಿ, ಮಡಚಿ, ಅಂಟಿಸಿ ಕಾರ್ಡು ಮಾಡುತ್ತಾರೆ. ದುಡಿಯಲು ಬೆಂಗಳೂರಿಗೋ ಮಂಗಳೂರಿಗೋ ಹೋದ ಅಪ್ಪನಿಗೆ, ಅಣ್ಣನಿಗೆ ಒಂದೊಂದು ಕಳಿಸುತ್ತಾರೆ. ದೊಡ್ಡ ಹುಡುಗಿಯರು ಅದೇ ಕಾಗದದಿಂದ ಫೋಟೋ ಅಂಟಿಸುವ ಪುಸ್ತಕಗಳನ್ನು ಮಾಡುತ್ತಾರೆ. ಅವರು ಅದಕ್ಕೆ ಸ್ಕ್ರ್ಯಾಪ್‌ಬುಕ್ ಎನ್ನುತ್ತಾರೆ.

ಕೈಯಿಂದ ಮಾಡಿದ ಕಾರ್ಡು ಅಂಗಡಿಯ ಕಾರ್ಡಿಗಿಂತ ಏಕೆ ಹೆಚ್ಚು ಎಂದು ನಾನು ನಿಮಗೆ ಹೇಳಬೇಕಾಗಿಲ್ಲ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬ ಅಧಿಕಾರಿಗೆ ಕ್ರಿಸ್ಮಸ್ ಪತ್ರಗಳಿಗೆಲ್ಲ ಉತ್ತರ ಬರೆಯಲು ಬಿಡುವಾಗಲಿಲ್ಲ. ಜಾನ್ ಹಾರ್ಸ್ಲಿ ಎಂಬ ಚಿತ್ರಕಾರರಿಂದ ಚಿತ್ರ ಬರೆಸಿ ಸಾವಿರ ಪ್ರತಿ ಅಚ್ಚು ಹಾಕಿಸಿದರು. ಮಿಕ್ಕವನ್ನು ಒಂದು ಶಿಲ್ಲಿಂಗಿಗೆ ಒಂದರಂತೆ ಮಾರಿದರು. ಅಚ್ಚಾದ ಕ್ರಿಸ್ಮಸ್ ಕಾರ್ಡು ಹುಟ್ಟಿದ್ದೇ ಸಮಯವಿಲ್ಲದವರಿಂದ. ಕೈಯಿಂದ ಮಾಡುವವರು ಆ ಸಮಯವನ್ನೇ ಕೊಡುತ್ತಾರೆ. ಇದರಲ್ಲಿ ವಾದವಿಲ್ಲ.

ನಾನು ಇಂದು ಬರೆಯಬಯಸುವುದು ಕತ್ತರಿಯ ಬಗ್ಗೆ.

ನಮ್ಮ ಧರ್ಮಸಭೆಯಲ್ಲಿ ಕಾಗದ ಕತ್ತರಿಸುವ ಕಲೆಗೆ ಒಂದು ಹಳೆಯ ಮನೆತನವಿದೆ. ಹದಿನೇಳು ಮತ್ತು ಹದಿನೆಂಟನೆಯ ಶತಮಾನಗಳಲ್ಲಿ ಫ್ರಾನ್ಸ್, ಫ್ಲಾಂಡರ್ಸ್, ದಕ್ಷಿಣ ಜರ್ಮನಿಯ ಕನ್ಯಾಮಠಗಳಲ್ಲಿ ಧರ್ಮಭಗಿನಿಯರು ಸಣ್ಣ ಚಾಕುವಿನಿಂದ ಚರ್ಮಪತ್ರವನ್ನೂ ಕಾಗದವನ್ನೂ ಕೊರೆದು, ನೂಲಿನ ಕಸೂತಿಯಂತೆ ಕಾಣುವ ಚೌಕಟ್ಟುಗಳನ್ನು ಮಾಡುತ್ತಿದ್ದರು. ಆ ಚಾಕುವಿನಿಂದಲೇ ಆ ಕಲೆಗೆ ಕ್ಯಾನಿವೆ ಎಂಬ ಹೆಸರು ಬಂತು. ಚೌಕಟ್ಟಿನ ನಡುವೆ ಒಬ್ಬ ಸಂತರ ಪುಟ್ಟ ಚಿತ್ರ. ಹತ್ತೊಂಬತ್ತನೆಯ ಶತಮಾನದಲ್ಲಿ ಯಂತ್ರದ ಅಚ್ಚು ಬಂದು ಅದೇ ಕಸೂತಿ ಸಾವಿರಗಟ್ಟಲೆ ತಯಾರಾಯಿತು. ನಿಮ್ಮ ಅಜ್ಜಿಯ ಜಪಪುಸ್ತಕದೊಳಗೆ ಅಂಚು ಕೊರೆದ ಒಂದು ಸಂತರ ಪಟ ಸಿಕ್ಕಿದರೆ, ಅದು ಆ ವಂಶದ್ದು. ಆ ಧರ್ಮಭಗಿನಿಯರ ಕೆಲಸದಲ್ಲಿ ನನಗೆ ಇಷ್ಟವಾದದ್ದು ಇದು: ಎಷ್ಟೇ ಬಳ್ಳಿ, ಎಷ್ಟೇ ಹೂವು ಕೊರೆದರೂ ಅವು ಮುಖದ ಸುತ್ತ ನಿಲ್ಲುತ್ತವೆ, ಮುಖದ ಮೇಲೆ ಬರುವುದಿಲ್ಲ.

ಈಗ ನನ್ನ ಸ್ವಂತ ಕಥೆ ಹೇಳುತ್ತೇನೆ. ಹೆಮ್ಮೆಯ ಕಥೆಯಲ್ಲ.

ಕಳೆದ ವರ್ಷ ನನ್ನ ಗುರುದೀಕ್ಷೆಯ ದಿನಕ್ಕೆ ಯುವಕ ಯುವತಿಯರು ನನಗೊಂದು ಸ್ಕ್ರ್ಯಾಪ್‌ಬುಕ್ ಮಾಡಿಕೊಡಲು ಹೊರಟರು. ಹಳೆಯ ಫೋಟೋಗಳನ್ನು ಕೇಳಿದರು. ಗುರುಮಠದ ಕೊನೆಯ ವರ್ಷದ್ದೊಂದು ಫೋಟೋ ನನ್ನಲ್ಲಿತ್ತು. ನಾನೂ ಒಬ್ಬ ಸಹಪಾಠಿಯೂ ಕಲ್ಲುಬೆಂಚಿನ ಮೇಲೆ ಕುಳಿತಿದ್ದೇವೆ. ನನ್ನ ಎರಡೂ ಕೈ ತೊಡೆಯ ಮೇಲಿನ ಪುಸ್ತಕದ ಮೇಲಿವೆ, ಅವನ ಕೈ ನನ್ನ ಭುಜದ ಮೇಲಿದೆ. ನನಗೆ ಟೈಫಾಯಿಡ್ ಬಂದಾಗ ಮೂರು ವಾರ ನನ್ನ ಗಂಜಿ ತಂದುಕೊಟ್ಟವನು, ನನ್ನ ಪಾಠದ ಟಿಪ್ಪಣಿಯನ್ನು ತನ್ನ ಕೈಯಿಂದ ಬರೆದುಕೊಟ್ಟವನು ಅವನು. ಮುಂದೆ ಅವನು ಯಾಜಕತ್ವವನ್ನು ಬಿಟ್ಟು ಮದುವೆಯಾದ. ಜನ ಕೇಳುತ್ತಾರೆ, ಹೇಳಬೇಕಾಗುತ್ತದೆ, ಮಾತು ಬೆಳೆಯುತ್ತದೆ ಎಂದುಕೊಂಡು ನಾನು ಕತ್ತರಿ ತೆಗೆದುಕೊಂಡೆ. ಉದ್ದಕ್ಕೆ ಒಂದೇ ಗೆರೆ. ಅವನು ಕಸದ ಬುಟ್ಟಿಗೆ ಹೋದ. ಆದರೆ ಭುಜದ ಮೇಲೆ ನಾಲ್ಕು ಬೆರಳು ಉಳಿದವು.

ಪುಟ ಮಾಡಿದ ಹುಡುಗಿ ಜಾಣೆ. ಕರೆಯೋಲೆಯೊಂದರಿಂದ ಹಳದಿ ಹೂವು ಕತ್ತರಿಸಿ ಆ ಬೆರಳುಗಳ ಮೇಲೆ ಅಂಟಿಸಿದಳು. ಪುಟ ನಿಜಕ್ಕೂ ಸುಂದರವಾಗಿತ್ತು, ನಾನು ಎಲ್ಲರೆದುರು ಹೊಗಳಿದೆ. ನಮ್ಮ ಸೀಮೆಯ ಬಿಸಿಲು ನಿಮಗೆ ಗೊತ್ತೇ ಇದೆ. ಶಾಸನಗಳು ಕೋಗಳಿ ಐನೂರು ಎಂದು ಕರೆದ ಈ ನಾಡು, ಅಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ, 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ. ಜಿಲ್ಲೆ ಬದಲಾದರೂ ಬೇಸಿಗೆ ಬದಲಾಗಿಲ್ಲ. ಏಪ್ರಿಲ್ ತಿಂಗಳ ಒಣಗಾಳಿಗೆ ಗೋಂದು ಬಿರಿದು ಹೂವಿನ ಎಸಳು ಮೇಲೆದ್ದಿತು. ಧರ್ಮೋಪದೇಶಕ್ಕೆ ಬಂದ ನಾಲ್ಕನೆಯ ಇಯತ್ತೆಯ ಹುಡುಗನೊಬ್ಬ ಪುಸ್ತಕ ತಿರುವಿ ಹಾಕುತ್ತಾ ಕೇಳಿದ:

“ಸ್ವಾಮಿ, ಹೂವಿನ ಕೆಳಗೆ ಬೆರಳಿವೆ. ಯಾರದ್ದು?”

“ನನ್ನದೇ,” ಎಂದೆ.

“ನಿಮ್ಮ ಎರಡೂ ಕೈ ಪುಸ್ತಕದ ಮೇಲಿವೆಯಲ್ಲ?”

ಅಂದು ರಾತ್ರಿ ನನಗೆ ಒಂದು ಪ್ರಶ್ನೆ ಎದುರಾಯಿತು. ನಾನು ಹುಡುಗನಿಗೆ ಹೇಳಿದ್ದು ಸುಳ್ಳು, ಅದರಲ್ಲಿ ಸಂದೇಹವಿಲ್ಲ. ಆದರೆ ಸುಳ್ಳು ಆರಂಭವಾದದ್ದು ಯಾವಾಗ? ಬಾಯಿ ತೆರೆದಾಗಲೇ, ಹೂವು ಅಂಟಿದಾಗಲೇ, ಇಲ್ಲವೇ ಕತ್ತರಿ ಹಿಡಿದಾಗಲೇ?

ತತ್ವಶಾಸ್ತ್ರ ಓದಿದವರ ಒಂದು ದುರಭ್ಯಾಸವೆಂದರೆ ತಪ್ಪು ಮಾಡಿದ ಮೇಲೆ ಪುಸ್ತಕ ಹುಡುಕುವುದು. ಹದಿಮೂರನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ತಮ್ಮ ‘ಸುಮ್ಮಾ’ ಗ್ರಂಥದಲ್ಲಿ ಸುಳ್ಳಿನ ಬಗ್ಗೆ ಬರೆದ ಕೂಡಲೇ, ಮುಂದಿನ ಪ್ರಶ್ನೆಯಲ್ಲಿ, ಕಪಟದ ಬಗ್ಗೆ ಬರೆಯುತ್ತಾರೆ. ಅವರ ವಾದ ಸರಳ. ಮಾತಿನಂತೆ ಕ್ರಿಯೆಯೂ ಒಂದು ಸಂಕೇತ. ಆದ್ದರಿಂದ ಬಾಯಿ ಬಿಡದೆ ಕೈಯಿಂದಲೂ ಸುಳ್ಳು ಹೇಳಬಹುದು. ಆದರೆ ಇರುವುದನ್ನೆಲ್ಲ ಹೇಳದೆ ಸುಮ್ಮನಿರುವುದು ಸುಳ್ಳಲ್ಲ. ಇಲ್ಲದ್ದನ್ನು ಇದೆಯೆಂದು ತೋರಿಸುವುದು ಬೇರೆ, ಇರುವುದನ್ನು ತೋರಿಸದೆ ಇರುವುದು ಬೇರೆ.

ಇದನ್ನು ನಮ್ಮ ಫೋಟೋ ಪುಸ್ತಕಕ್ಕೆ ಹಚ್ಚಿ ನೋಡಿ. ಆ ಫೋಟೋವನ್ನೇ ನಾನು ಕೊಡದಿದ್ದರೆ ಅದು ಮೌನ. ಯಾರ ಮನೆಯ ಆಲ್ಬಮ್ಮಿನಲ್ಲೂ ಎಲ್ಲವೂ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಇಬ್ಬರಿದ್ದ ಫೋಟೋ ಕೊಟ್ಟು, ನಾನೊಬ್ಬನೇ ಇದ್ದೆ ಎಂದು ತೋರಿಸಿದ್ದು ಹೇಳಿಕೆ. ಹೂವು ಆ ಹೇಳಿಕೆಗೆ ಬಿದ್ದ ಮೊಹರು. ಹುಡುಗನ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಕತ್ತರಿಯೇ ಮೊದಲು ಹೇಳಿದ್ದನ್ನು ಬಾಯಿಪಾಠ ಒಪ್ಪಿಸಿದಂತೆ, ಅಷ್ಟೇ.

ದೊಡ್ಡವರು ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದ್ದಾರೆ. ಸೋವಿಯತ್ ರಷ್ಯಾದ ಗುಪ್ತ ಪೊಲೀಸ್ ಮುಖ್ಯಸ್ಥ ನಿಕೊಲಾಯ್ ಯೆಝೋವ್ ಕಾಲುವೆಯ ದಂಡೆಯ ಮೇಲೆ ಸ್ಟಾಲಿನ್ನರ ಪಕ್ಕದಲ್ಲಿ ನಿಂತ ಒಂದು ಫೋಟೋ ಇತ್ತು. 1940ರಲ್ಲಿ ಅವನನ್ನೇ ಕೊಂದ ನಂತರ ಅದೇ ಫೋಟೋದಲ್ಲಿ ಅವನಿದ್ದ ಜಾಗಕ್ಕೆ ನೀರು ಬಂತು. ಯೆಝೋವ್ ಸ್ವತಃ ಸಾವಿರಾರು ಜನರನ್ನು ಇಲ್ಲವಾಗಿಸಿದವನು. ಅವನಿಗಾಗಿ ಮರುಗಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಸರಕಾರ ಕುಂಚದಿಂದ ಮಾಡಿದ್ದನ್ನೇ ನಾನು ಗುರುನಿವಾಸದ ಮೇಜಿನ ಮೇಲೆ ಒಂದು ಸಣ್ಣ ಕತ್ತರಿಯಿಂದ ಮಾಡಿದ್ದೆ.

ಹಾಗಾದರೆ ಎಲ್ಲವನ್ನೂ ಅಂಟಿಸಬೇಕೇ? ಇಲ್ಲಿ ಸಂತ ಮತ್ತಾಯರ ಶುಭಸಂದೇಶದ ಮೊದಲ ಅಧ್ಯಾಯ ನನ್ನ ನೆರವಿಗೆ ಬಂತು. ಪ್ರತಿ ವರ್ಷ ಡಿಸೆಂಬರ್ 17ರಂದು ಬಲಿಪೂಜೆಯಲ್ಲಿ ಓದುವ ವಂಶಾವಳಿ ಅದು. ಹೆಸರುಗಳ ಮೇಲೆ ಹೆಸರು ಬರುವಾಗ ನಿಮ್ಮಲ್ಲಿ ಕೆಲವರು ತೂಕಡಿಸುವುದನ್ನು ನಾನು ಪೀಠದಿಂದ ನೋಡಿದ್ದೇನೆ. ಆ ಪಟ್ಟಿ ಒಂದು ಕುಟುಂಬದ ಆಲ್ಬಮ್ಮೇ. ಮತ್ತಾಯರೂ ಕತ್ತರಿ ಹಿಡಿದಿದ್ದಾರೆ: ಯೋರಾಮನಿಂದ ನೇರವಾಗಿ ಉಜ್ಜೀಯನಿಗೆ ಹೋಗುವಾಗ ಅಹಜ್ಯ, ಯೋವಾಷ, ಅಮಚ್ಯ ಎಂಬ ಮೂವರು ಅರಸರನ್ನು ಬಿಟ್ಟಿದ್ದಾರೆ. ಹದಿನಾಲ್ಕು, ಹದಿನಾಲ್ಕು, ಹದಿನಾಲ್ಕು ತಲೆಮಾರು ಎಂಬ ಅವರ ವಿನ್ಯಾಸ ಅದರಿಂದ ಕೂಡಿಬಂತು. ಅಂದರೆ ಚೆಂದಕ್ಕಾಗಿ ಬಿಡುವುದನ್ನು ಸುವಾರ್ತಾಕರ್ತರೇ ಮಾಡಿದ್ದಾರೆ.

ಆದರೆ ಯಾರನ್ನು ಬಿಟ್ಟಿಲ್ಲ ನೋಡಿ. ಮಾವನಿಂದ ಮಕ್ಕಳನ್ನು ಪಡೆದ ತಾಮಾರಳಿದ್ದಾಳೆ. ಯೆರಿಕೋವಿನ ವೇಶ್ಯೆ ರಹಾಬಳಿದ್ದಾಳೆ. ಪರದೇಶದ ರೂತಳಿದ್ದಾಳೆ. ದಾವೀದನ ಅತಿ ದೊಡ್ಡ ಪಾಪವನ್ನು ಮುಚ್ಚಲು ಸುಲಭವಿತ್ತು. ಬತ್ಷೆಬಳ ಹೆಸರನ್ನು ಹೇಳದೆ ಬಿಟ್ಟರೆ ಸಾಕಿತ್ತು. ಮತ್ತಾಯರು ಆ ಹೆಸರನ್ನು ನಿಜವಾಗಿಯೂ ಹೇಳುವುದಿಲ್ಲ, ಆದರೆ ಅದರ ಬದಲು ಊರೀಯನ ಹೆಂಡತಿ ಎನ್ನುತ್ತಾರೆ. ದಾವೀದನು ಕೊಲ್ಲಿಸಿದ ಗಂಡನ ಹೆಸರನ್ನೇ ತಂದು ವಂಶಾವಳಿಯ ನಡುವೆ ಅಂಟಿಸುತ್ತಾರೆ. ಅವರ ವಿನ್ಯಾಸಕ್ಕೆ ಅರಸರು ಕಳೆದುಹೋದರು, ನಾಚಿಕೆ ಕಳೆದುಹೋಗಲಿಲ್ಲ. ನನ್ನ ಪುಟದಲ್ಲಿ ನಡೆದದ್ದು ಇದಕ್ಕೆ ಸರಿಯಾಗಿ ತಿರುಗಮುರುಗ.

ನಮ್ಮ ಹೆಣ್ಣುಮಕ್ಕಳು ಕೌದಿ ಹೊಲಿಯುವುದನ್ನು ನೀವು ನೋಡಿರುತ್ತೀರಿ. ಅಜ್ಜನ ಧೋತರ, ಅವ್ವನ ಸೀರೆ, ಸತ್ತ ಮಗುವಿನ ಅಂಗಿ, ಜಗಳ ಮಾಡಿ ಬೇರೆಯಾದ ಚಿಕ್ಕಪ್ಪನ ಪಂಚೆ, ಎಲ್ಲವೂ ಒಂದರ ಪಕ್ಕ ಒಂದು ಕೂಡುತ್ತವೆ. ತಾಂಡಾಗಳ ಲಂಬಾಣಿ ತಾಯಂದಿರ ಕೈಯಲ್ಲಿ ತುಂಡುಬಟ್ಟೆಗೆ ಕನ್ನಡಿ, ಕವಡೆಗಳೂ ಸೇರುತ್ತವೆ. ಹರಿದ ಕಡೆ ತೇಪೆ ಬೀಳುತ್ತದೆ, ಆದರೆ ಹರಿದೇ ಇಲ್ಲ ಎಂದು ತೇಪೆ ಹೇಳುವುದಿಲ್ಲ. ಹರಿದಿತ್ತು, ಹೊಲಿದೆವು ಎನ್ನುತ್ತದೆ. ಚಳಿಗಾಲದಲ್ಲಿ ಮಗು ಅದನ್ನು ಹೊದ್ದು, ಇದು ಯಾರದು, ಅದು ಯಾರದು ಎಂದು ಬೆರಳಿಟ್ಟು ಕೇಳುತ್ತದೆ. ಅಜ್ಜಿಗೆ ಸುಳ್ಳು ಹೇಳುವ ಪ್ರಸಂಗ ಬರುವುದಿಲ್ಲ.

ಒಂದು ಮಾತನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು, ಇಲ್ಲದಿದ್ದರೆ ನನ್ನ ಬರಹ ಕೆಲವರಿಗೆ ನೋವು ಕೊಟ್ಟೀತು. ಗಂಡನ ಹೊಡೆತ ತಿಂದು ಮನೆ ಬಿಟ್ಟು ಬಂದ ತಾಯಿ ತನ್ನ ಮದುವೆಯ ಫೋಟೋವನ್ನು ಗೋಡೆಯಿಂದ ತೆಗೆದರೆ, ಕತ್ತರಿಸಿದರೂ ಸರಿಯೇ, ಅವಳನ್ನು ಪ್ರಶ್ನಿಸುವ ಹಕ್ಕು ನನಗಿಲ್ಲ, ನಿಮಗೂ ಇಲ್ಲ. ದಿನವೂ ಆ ಮುಖ ನೋಡಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲ. ಅವಳದ್ದು ಗಾಯದ ಮೌನ. ನನ್ನದು ಮರ್ಯಾದೆಯ ಲೆಕ್ಕಾಚಾರವಾಗಿತ್ತು. ನನಗೆ ಒಳ್ಳೆಯದನ್ನೇ ಮಾಡಿದವನನ್ನು ನಾನು ಕತ್ತರಿಸಿದ್ದೆ. ಎರಡೂ ಕಡೆ ಕತ್ತರಿ ಒಂದೇ ಇರಬಹುದು, ಕೆಲಸ ಒಂದೇ ಅಲ್ಲ. ಆದರೆ ಮಕ್ಕಳಿದ್ದ ಮನೆಯಲ್ಲಿ ನಾನು ಒಂದು ಸಲಹೆ ಕೊಡುತ್ತೇನೆ. ಆಲ್ಬಮ್ಮಿನ ಹಿಂದಿನ ರಟ್ಟಿಗೆ ಹೂವಿನ ಕಾಗದದಿಂದಲೇ ಒಂದು ಜೇಬು ಮಾಡಿ, ಇಡೀ ಫೋಟೋವನ್ನು ಅದರಲ್ಲಿಡಿ. ಮಗು ದೊಡ್ಡದಾಗಿ ಕೇಳಿದ ದಿನ ಅದು ಅಲ್ಲಿರಲಿ.

ಕೆಲಸದ ಮಾತೂ ಸ್ವಲ್ಪ ಹೇಳಿಬಿಡುತ್ತೇನೆ, ಏಕೆಂದರೆ ಇಲ್ಲಿ ಕೈಗೆಲಸಕ್ಕೂ ನೀತಿಗೂ ಅಂತರ ಕಡಿಮೆ. ಮೂಲ ಫೋಟೋಗೆ ಎಂದೂ ಕತ್ತರಿ ಹಾಕಬೇಡಿ. ಪ್ರತಿ ತೆಗೆಸಿ ಪ್ರತಿಯನ್ನು ಕತ್ತರಿಸಿ. ಫೋಟೋದ ಹಿಂದೆ ಗೋಂದು ಬಳಿಯದೆ, ಹಳೆಯ ಕಪ್ಪು ಹಾಳೆಯ ಆಲ್ಬಮ್ಮುಗಳಲ್ಲಿ ಇದ್ದಂತೆ ನಾಲ್ಕು ಮೂಲೆಗೆ ಕಾಗದದ ತ್ರಿಕೋನ ಸಿಕ್ಕಿಸಿ. ಬೇಕಾದಾಗ ತೆಗೆಯಬಹುದು, ಹಿಂದೆ ಬರೆದದ್ದನ್ನು ಓದಬಹುದು. ಆ ಆಲ್ಬಮ್ಮುಗಳ ಹಾಳೆಗಳ ನಡುವೆ ಜೇಡರ ಬಲೆಯ ಚಿತ್ತಾರದ ತೆಳು ಕಾಗದವಿರುತ್ತಿತ್ತು, ನೆನಪಿದೆಯೇ? ಚಿತ್ತಾರವೂ ಹೌದು, ಫೋಟೋ ಕೆಡದಂತೆ ರಕ್ಷಣೆಯೂ ಹೌದು. ಕೆಳಗಿನ ಮುಖಗಳೂ ಅದರ ಮೂಲಕ ಮಸುಕಾಗಿ ಕಾಣುತ್ತಿದ್ದವು. ಮೈದಾ ಅಂಟು ಮಾಡುವವರು ಹುಳ ಬೀಳದಂತೆ ಚಿಟಿಕೆ ಮೈಲುತುತ್ತ ಹಾಕುವುದುಂಟು. ಅದು ವಿಷ, ಮಕ್ಕಳ ಕೈಗೆ ಕೊಡಬೇಡಿ. ಅಗ್ಗದ ಕಾಗದ ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಪುಡಿಯಾಗುತ್ತದೆ. 1980ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ನಡೆದ ದಾಖಲೆಗಳ ವಿಶ್ವ ಸಮ್ಮೇಳನದಲ್ಲಿ ಮೇರಿಲೆನ್ ಕ್ರಿಸ್ಟೆನ್ಸೆನ್ ಎಂಬ ಗೃಹಿಣಿ ತನ್ನ ಕುಟುಂಬದ ಸ್ಕ್ರ್ಯಾಪ್‌ಬುಕ್ಕುಗಳನ್ನು ಪ್ರದರ್ಶಿಸಿದ ಮೇಲೆ ಈ ಹವ್ಯಾಸ ಅಲ್ಲಿ ಹಬ್ಬಿತು. ಆಮ್ಲವಿಲ್ಲದ ಕಾಗದ ಬೇಕೆಂಬ ಮಾತೂ ಅದರೊಂದಿಗೆ ಮನೆಮನೆಗೆ ಹೋಯಿತು. ಹೆಸರು, ಊರು, ವರ್ಷ, ಇವನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ. ಫೋಟೋದಲ್ಲಿರುವ ಎಲ್ಲರ ಹೆಸರನ್ನೂ ಬರೆಯಿರಿ.

ಮರುಭಾನುವಾರ ನಾನು ಆ ಹುಡುಗನನ್ನು ಕರೆದು ಬೆರಳು ಯಾರದೆಂದು ಹೇಳಿದೆ. ಟೈಫಾಯಿಡ್, ಗಂಜಿ, ಟಿಪ್ಪಣಿ, ಎಲ್ಲ ಹೇಳಿದೆ. ಅವನು ಈಗ ಎಲ್ಲಿದ್ದಾನೆ ಎಂದು ಕೇಳಿದ. ಮದುವೆಯಾಗಿ ಮೈಸೂರಿನ ಕಡೆ ಇದ್ದಾನೆ ಎಂದೆ. ನಾನು ಹೆದರಿದ್ದ ಪ್ರಶ್ನೆ ಬರಲೇ ಇಲ್ಲ. “ಹಾಗಾದರೆ ಆ ಫೋಟೋ ಅವರ ಹತ್ತಿರ ಇರಬಹುದು, ಕೇಳಿ ಸ್ವಾಮಿ,” ಎಂದ.

ಮಕ್ಕಳ ಪೆಟ್ಟಿಗೆಯಿಂದ ಒಂದು ಹಾಳೆ ಬೇಡಿ ತಂದು ನಾನೇ ಕಾರ್ಡು ಮಾಡಿದೆ. ಮಡಿಕೆ ನೇರವಾಗಲಿಲ್ಲ, ಬಳ್ಳಿಯ ಅಂಚು ಒಂದು ಕಡೆ ಹೆಚ್ಚಾಯಿತು. ಒಳಗೆ ಏನು ಬರೆಯಬೇಕೆಂದು ಎರಡು ದಿನ ತಿಳಿಯಲಿಲ್ಲ. ಕೊನೆಗೆ ನಾನು ಮಾಡಿದ್ದನ್ನು ಬರೆದು, ಫೋಟೋದ ಪ್ರತಿ ಇದ್ದರೆ ಕಳಿಸು ಎಂದು ಬರೆದೆ. ಅಂಚೆಗೆ ಹಾಕಿ ಮೂರು ವಾರವಾಯಿತು, ಇನ್ನೂ ಉತ್ತರ ಬಂದಿಲ್ಲ. ಆ ಪುಟದಿಂದ ಹೂವನ್ನೂ ಅರ್ಧ ಫೋಟೋವನ್ನೂ ತೆಗೆದಿದ್ದೇವೆ. ನಾಲ್ಕು ಮೂಲೆಗೆ ತ್ರಿಕೋನಗಳು ಸಿದ್ಧವಾಗಿವೆ. ಹುಡುಗ ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ಬಂದು ಪುಸ್ತಕ ತೆರೆದು ನೋಡಿ ಹೋಗುತ್ತಾನೆ.