ಸಾಕು ಎನ್ನುವ ಮಾತು

ನಮ್ಮ ಧಾರವಾಡದ ಕಡೆ ‘ಹುಡುಗ ಅಭ್ಯಾಸ ಮಾಡ್ಲಿಕತ್ತಾನ’ ಎಂದರೆ ಓದುತ್ತಿದ್ದಾನೆ ಎಂದರ್ಥ. ಸಂಗೀತದವರು, ಕುಸ್ತಿಯವರು ಅದೇ ಮಾತನ್ನು ಒಂದನ್ನೇ ಮತ್ತೆ ಮತ್ತೆ ತಿದ್ದಿಕೊಳ್ಳುವುದಕ್ಕೆ ಬಳಸುತ್ತಾರೆ. ಬೆಳಿಗ್ಗೆ ಎದ್ದ ಕೂಡಲೇ ಚಹಾ ಬೇಕು, ‘ಅಭ್ಯಾಸವಾಗಿಬಿಟ್ಟಿದೆ’ ಎನ್ನುವಾಗ ಅದರ ಅರ್ಥವೇ ಬೇರೆ. ಅಲ್ಲಿ ನಮ್ಮ ಇಚ್ಛೆಯನ್ನು ಯಾರೂ ಕೇಳುವುದಿಲ್ಲ. ಓದಿದ್ದನ್ನು ತಿದ್ದಬೇಕು, ತಿದ್ದಿದ್ದು ಮೈಗೂಡಬೇಕು, ಇದೇ ಶಿಕ್ಷಣ ಎಂದು ನಾವು ಮೇಷ್ಟರು, ಅಕ್ಕೋರುಗಳು ನಂಬಿಕೊಂಡು ಬಂದಿದ್ದೇವೆ. ಆದರೆ ಎಷ್ಟು ಮಾಡಿದರೆ ಸಾಕು, ‘ಸಾಕು’ ಎಂದು ಹೇಳುವ ಹಕ್ಕು ಯಾರದು ಎಂಬ ಪ್ರಶ್ನೆಗೆ ನಮ್ಮ ಬಿ.ಎಡ್. ಪುಸ್ತಕಗಳಲ್ಲಿ ಉತ್ತರವಿರಲಿಲ್ಲ. ಇಪ್ಪತ್ತೆಂಟು ವರ್ಷ ಕನ್ನಡ ಮತ್ತು ಸಮಾಜ ವಿಜ್ಞಾನ ಕಲಿಸಿದ ನನಗೆ ಈ ಪ್ರಶ್ನೆ ಎದುರಾದದ್ದು ಪಾಠದ ಕೋಣೆಯಲ್ಲಲ್ಲ, ಒಂದು ಚದುರಂಗದ ಹಲಗೆಯ ಮುಂದೆ.

ಗೋಕುಲ ರಸ್ತೆ ನಿಮಗೆ ಗೊತ್ತಿರಬಹುದು. ಒಂದು ಕಡೆ ವಿಮಾನ ನಿಲ್ದಾಣ, ಇನ್ನೊಂದು ಕಡೆ ವಾಯವ್ಯ ಸಾರಿಗೆ ಸಂಸ್ಥೆಯ ಕಚೇರಿ, ನಡುವೆ ಕೈಗಾರಿಕಾ ವಸಾಹತು, ಅದರಿಂದಾಚೆ ನಮ್ಮಂಥವರ ಮನೆಗಳು. ಇಲ್ಲಿ ದುಡಿಯದೆ ಕೂತವರನ್ನು ಕಾಣುವುದು ಅಪರೂಪ. 2024ರ ಡಿಸೆಂಬರಿನಲ್ಲಿ ಹದಿನೆಂಟು ವರ್ಷದ ಗುಕೇಶ್ ಸಿಂಗಪುರದಲ್ಲಿ ವಿಶ್ವ ಚಾಂಪಿಯನ್ ಆದ ಮೇಲೆ, ಮರುವರ್ಷದ ಜುಲೈನಲ್ಲಿ ದಿವ್ಯಾ ದೇಶಮುಖ್ ಮಹಿಳೆಯರ ವಿಶ್ವಕಪ್ ಗೆದ್ದ ಮೇಲೆ, ನಮ್ಮ ಓಣಿಯ ಮಕ್ಕಳಿಗೂ ಚೆಸ್ ಹುಚ್ಚು ಹತ್ತಿತು. ನಮ್ಮ ಮನೆಯಿಂದ ಮೂರನೆಯ ಮನೆಯ ಹುಡುಗಿ, ಎಂಟನೆಯ ಈಯತ್ತೆಯವಳು, ಅವರೆಲ್ಲರಿಗಿಂತ ಮುಂದೆ ಹೋದಳು. ತಂದೆ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ತಾಯಿ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಹೊಲಿಗೆಯ ದುಡ್ಡಿನಲ್ಲೇ ಮಗಳ ಕ್ಲಾಸಿನ ಫೀ.

ಅವಳ ಅಭ್ಯಾಸದ ರೀತಿ ಹೀಗಿತ್ತು: ಸಾಲೆಯಿಂದ ಬಂದು ಮೊಬೈಲಿನಲ್ಲಿ ದಿನಕ್ಕೆ ನೂರು ಪಜಲ್. ಬಿಡಿಸಿದರೆ ಅಂಕ ಏರುತ್ತದೆ, ತಪ್ಪಿದರೆ ಇಳಿಯುತ್ತದೆ. ಇಳಿದ ಅಂಕವನ್ನು ಏರಿಸಿಯೇ ಮಲಗುವ ಹಟದಲ್ಲಿ ರಾತ್ರಿ ಹನ್ನೊಂದು ಹೊಡೆಯುತ್ತಿತ್ತು. ನಾಲ್ಕು ತಿಂಗಳು ಹೀಗೆ ನಡೆಯಿತು. ಆಮೇಲೆ ಒಂದು ದಿನ ತಾಯಿ ನನ್ನ ಬಳಿ ಬಂದರು. “ಅಕ್ಕೋರ, ಈಕಿ ಮೊದ್ಲ ಊಟಾ ಬಿಟ್ಟು ಆಡತಿದ್ಲು. ಈಗ ಬೋರ್ಡ್ ಕಂಡ್ರ ಮಾರಿ ತಿರುಗಸ್ತಾಳ. ಇದು ಮೈಗಳ್ಳತನಾನೋ, ಖರೇನ ದಣದಾಳೋ, ನೀವ ಹೇಳ್ರಿ.” ಹುಡುಗಿಯನ್ನು ಕೇಳಿದರೆ ಅವಳು ಹೇಳಿದ್ದು ಒಂದೇ ಮಾತು: “ಎಲ್ಲಾ ಕಾಯಿ ಒಂದ ಥರಾ ಕಾಣಸ್ತಾವ್ರೀ.”

ತಾಯಿಯ ಪ್ರಶ್ನೆ ಸಣ್ಣದಲ್ಲ. ಮೈಗಳ್ಳತನವಾದರೆ ಗದರಬೇಕು, ದಣಿವಾದರೆ ಬಿಡಬೇಕು. ಹೊರಗಿನಿಂದ ನೋಡಿದರೆ ಎರಡರ ಮುಖವೂ ಒಂದೇ. ತಪ್ಪಾಗಿ ಓದಿದರೆ ಒಂದೋ ಮಗುವಿನ ಶಕ್ತಿಯನ್ನು ಕೊಂದಂತೆ, ಇಲ್ಲವೇ ಅದರ ದೌರ್ಬಲ್ಯವನ್ನು ಸಾಕಿದಂತೆ.

ನನಗೆ ಚದುರಂಗ ಬರುವುದು ಅಷ್ಟಕ್ಕಷ್ಟೇ. ಅಣ್ಣನ ಜೊತೆ ಆಡಿ ಕಲಿತದ್ದು. ಆದರೂ ಕೇಳಿ, ಓದಿ ತಿಳಿದುಕೊಂಡೆ. ಮಕ್ಕಳು ‘ಟ್ಯಾಕ್ಟಿಕ್ಸ್’ ಎನ್ನುವುದು ಎರಡು ಮೂರು ನಡೆಗಳಲ್ಲಿ ಎದುರಾಳಿಯನ್ನು ಸಿಕ್ಕಿಸುವ ಯುಕ್ತಿಗೆ. ಕುದುರೆ ಒಂದೇ ಜಿಗಿತಕ್ಕೆ ರಾಜನಿಗೂ ಆನೆಗೂ ಗುರಿಯಿಡುವುದು, ಒಂಟೆಯ ದಾರಿಯಲ್ಲಿ ಸಿಕ್ಕ ಕಾಯಿ ರಾಜನಿಗೆ ಅಡ್ಡ ನಿಂತದ್ದರಿಂದ ಅಲುಗಾಡಲಾರದೆ ಹೋಗುವುದು, ಇಂಥವು. ಇವುಗಳನ್ನು ಪ್ರತಿ ಸಲ ಹೊಸದಾಗಿ ಲೆಕ್ಕ ಹಾಕುತ್ತ ಕೂತರೆ ಗಡಿಯಾರ ಕಾಯುವುದಿಲ್ಲ. ಮುಖ ನೋಡಿದೊಡನೆ ನೆಂಟರ ಗುರುತು ಹತ್ತುವ ಹಾಗೆ ಗುರುತು ಹತ್ತಬೇಕು. 1973ರಲ್ಲಿ ಅಮೆರಿಕದ ಚೇಸ್ ಮತ್ತು ಸೈಮನ್ ಎಂಬ ಸಂಶೋಧಕರು ಇದನ್ನು ಪರೀಕ್ಷಿಸಿದರು. ನಿಜವಾದ ಆಟವೊಂದರ ಹಲಗೆಯನ್ನು ಐದು ಸೆಕೆಂಡು ತೋರಿಸಿ ಮುಚ್ಚಿದರೆ ನುರಿತ ಆಟಗಾರ ಬಹುಪಾಲು ಕಾಯಿಗಳನ್ನು ಮತ್ತೆ ಜೋಡಿಸುತ್ತಾನೆ, ಹೊಸಬನಿಗೆ ಕೆಲವೇ ನೆನಪಿರುತ್ತವೆ. ಆದರೆ ಕಾಯಿಗಳನ್ನು ಮನಬಂದಂತೆ ಚೆಲ್ಲಿ ತೋರಿಸಿದರೆ ಇಬ್ಬರಿಗೂ ಹೆಚ್ಚು ವ್ಯತ್ಯಾಸವಿಲ್ಲ. ಅಂದರೆ ನುರಿತವನದು ದೊಡ್ಡ ಜ್ಞಾಪಕಶಕ್ತಿಯಲ್ಲ. ಹಿಂದೆ ಕಂಡ ವಿನ್ಯಾಸಗಳ ಪರಿಚಯ. ಪರಿಚಯ ಬೆಳೆಯಲು ಮತ್ತೆ ಮತ್ತೆ ಕಾಣಲೇಬೇಕು. ಆದ್ದರಿಂದ ‘ಪಾಪ, ಮಗು ದಣಿದಿದೆ, ಅಭ್ಯಾಸವೇ ಬೇಡ’ ಎನ್ನುವುದು ಕರುಣೆಯಂತೆ ಕಂಡರೂ ಉತ್ತರವಲ್ಲ.

ಹಾಗಾದರೆ ಹೇಗೆ ಮಾಡಬೇಕು? ಸ್ವೀಡನ್ನಿನ ಹಾನ್ಸ್ ಟಿಕ್ಕನೆನ್ ಎಂಬ ಆಟಗಾರನ ಮಾತು ಚೆಸ್ ಕಲಿಯುವವರಲ್ಲಿ ಪ್ರಸಿದ್ಧ. ಸಾವಿರದಷ್ಟು ಪಜಲ್‌ಗಳನ್ನು ಆರಿಸಿಕೊಂಡು, ಹೊಸದಕ್ಕೆ ಆಸೆಪಡದೆ, ಅವನ್ನೇ ಸುತ್ತು ಸುತ್ತಾಗಿ ಬಿಡಿಸಿದ. ಪ್ರತಿ ಸುತ್ತಿಗೂ ಹಿಂದಿನದಕ್ಕಿಂತ ಕಡಿಮೆ ಸಮಯ. 2010ರಲ್ಲಿ ಏಳು ವಾರಗಳೊಳಗೆ ಗ್ರ್ಯಾಂಡ್ ಮಾಸ್ಟರ್ ಪದವಿಗೆ ಬೇಕಾದ ಮೂರು ನಾರ್ಮ್‌ಗಳನ್ನೂ ಗಳಿಸಿದ. 2018ರಲ್ಲಿ ಆತ ಆಕ್ಸೆಲ್ ಸ್ಮಿತ್ ಜೊತೆ ಬರೆದ ಪುಸ್ತಕಕ್ಕೆ ಮರಕುಟಿಗ ಹಕ್ಕಿಯ ಹೆಸರಿದೆ. ಕುಟ್ಟಿದಲ್ಲೇ ಕುಟ್ಟುವ ವಿಧಾನ. ಇದರಲ್ಲಿ ಅರ್ಧ ನನಗೆ ಒಪ್ಪಿಗೆಯಾಯಿತು, ಅರ್ಧ ಆಗಲಿಲ್ಲ. ಕಂಡದ್ದನ್ನೇ ಮತ್ತೆ ಕಾಣಬೇಕು ಎಂಬುದು ಸರಿ. ನಮ್ಮ ಮಗ್ಗಿಯೂ ಅದೇ ತಾನೇ? ಆದರೆ ಸಮಯವನ್ನು ಹಿಂಡುತ್ತ ಹೋಗಿ ಕೊನೆಗೆ ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸುವ ಗುರಿ ಬಲಿತ ಆಟಗಾರನಿಗೆ ತಕ್ಕದ್ದು, ಹದಿಮೂರು ವರ್ಷದ ಹುಡುಗಿಗಲ್ಲ. ಮರೆವಿನ ಬಗ್ಗೆ 1885ರಷ್ಟು ಹಿಂದೆಯೇ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ತೋರಿಸಿಕೊಟ್ಟದ್ದು ಇಷ್ಟು: ಒಂದೇ ಸಲ ತುಂಬಿಕೊಂಡದ್ದಕ್ಕಿಂತ ದಿನಗಳ ಅಂತರ ಬಿಟ್ಟು ಮರಳಿ ಓದಿದ್ದು ಹೆಚ್ಚು ನಿಲ್ಲುತ್ತದೆ. ನಡುವಿನ ಬಿಡುವು ಕಲಿಕೆಯ ಹೊರಗಿನದಲ್ಲ, ಒಳಗಿನದು. ಉಪ್ಪಿನಕಾಯಿ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭರಣಿ ಮುಚ್ಚಿಟ್ಟ ದಿನಗಳಲ್ಲೇ ಅದು ಕಳಿಯುತ್ತದೆ.

ನಮ್ಮ ಊರಿನಲ್ಲಿಯೇ ಇದಕ್ಕೊಂದು ಉದಾಹರಣೆಯಿದೆ. ಗಂಗೂಬಾಯಿ ಹಾನಗಲ್ ಅವರು ಸವಾಯಿ ಗಂಧರ್ವರ ಬಳಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಸಂಸಾರದ ಭಾರ ಹೊತ್ತ ಹೆಣ್ಣುಮಗಳಿಗೆ ದಿನವಿಡೀ ತಂಬೂರಿ ಹಿಡಿದು ಕೂರುವ ಅನುಕೂಲವೆಲ್ಲಿ? ರಾಗದ ಒಂದು ತುಣುಕನ್ನೇ ತಿದ್ದಿ ತಿದ್ದಿ ಹೇಳಿಸುವ ಪದ್ಧತಿ ಆ ಗುರುಪರಂಪರೆಯದು. ನೂರು ರಾಗ ಮುಟ್ಟಿ ಬಿಡುವುದಕ್ಕಿಂತ ಕೆಲವನ್ನು ಆಳವಾಗಿ ಕಲಿಯುವುದು. ಮಗುವಿನ ಕೈಯಲ್ಲಿದ್ದ ಮೊಬೈಲ್ ಇದಕ್ಕೆ ಉಲ್ಟಾ. ಪ್ರತಿ ಸಲವೂ ಹೊಸ ಪಜಲ್, ಹಳೆಯ ತಪ್ಪನ್ನು ಮತ್ತೆ ನೋಡುವ ಪುರುಸೊತ್ತಿಲ್ಲ, ಕಣ್ಣೆಲ್ಲ ಅಂಕದ ಮೇಲೆ.

ಇನ್ನು ಮೈಗಳ್ಳತನದ ಪ್ರಶ್ನೆ. ಅದಕ್ಕೆ ನಾನು ಒಂದು ಉಪಾಯ ಮಾಡಿದೆ. ಹಿಂದಿನ ವಾರ ಅವಳು ಸಲೀಸಾಗಿ ಬಿಡಿಸಿದ್ದ ಸುಲಭದ ಪಜಲ್ ಒಂದನ್ನು ಹಲಗೆಯ ಮೇಲೆ ಜೋಡಿಸಿ ಕೊಟ್ಟೆ. ಮೈಗಳ್ಳತನವಿದ್ದವಳು ಅದನ್ನು ಬೇಗ ಮುಗಿಸಿ ಎದ್ದು ಹೋಗಬೇಕು. ಇವಳು ಐದು ನಿಮಿಷ ನೋಡಿದಳು, ಎರಡು ಸಲ ತಪ್ಪು ಕಾಯಿ ಎತ್ತಿದಳು, ಕಣ್ಣಲ್ಲಿ ನೀರು ತಂದುಕೊಂಡಳು. ಮೈಗಳ್ಳನಿಗೆ ಶುರು ಮಾಡುವುದು ಕಷ್ಟ, ಶುರುವಾದ ಮೇಲೆ ಕೆಲಸ ಸಾಗುತ್ತದೆ. ದಣಿದವರು ಶುರು ಮಾಡಿಯೇ ಇರುತ್ತಾರೆ. ಆದರೆ ಎದುರಿಗಿದ್ದದ್ದು ಕಾಣಿಸುವುದಿಲ್ಲ. ಇದು ಶಾಸ್ತ್ರವಲ್ಲ, ತರಗತಿಯಲ್ಲಿ ಮಕ್ಕಳ ಮುಖ ನೋಡಿ ನೋಡಿ ಬಂದ ಅಂದಾಜು. ಆದರೂ ತಾಯಿಯ ಪ್ರಶ್ನೆಗೆ ಅವತ್ತಿನ ಉತ್ತರ ಸಿಕ್ಕಿತು.

ನಾವು ಮೂವರೂ ಕೂತು ಹೊಸ ಕ್ರಮ ಮಾಡಿಕೊಂಡೆವು. ಮೊಬೈಲ್ ಬದಿಗಿಟ್ಟು ನೋಟುಬುಕ್ಕಿನಲ್ಲಿ ಅರವತ್ತು ಪಜಲ್ ಬರೆದುಕೊಳ್ಳುವುದು. ದಿನಕ್ಕೆ ಹತ್ತು ಮಾತ್ರ, ಇಪ್ಪತ್ತೈದು ನಿಮಿಷ. ಕಾಯಿ ಮುಟ್ಟುವ ಮೊದಲು ಎದುರಾಳಿಯ ಉತ್ತರವನ್ನೂ ಬಾಯಲ್ಲಿ ಹೇಳುವುದು. ತಪ್ಪಿದ್ದಕ್ಕೆ ಕೆಂಪು ಗುರುತು. ಅದು ಮೂರು ದಿನ ಬಿಟ್ಟು ಮತ್ತೆ, ವಾರ ಬಿಟ್ಟು ಮತ್ತೆ. ಸಾಲಾಗಿ ಮೂರು ತಪ್ಪಿದರೆ ಅವತ್ತಿಗೆ ಪುಸ್ತಕ ಮುಚ್ಚುವುದು. ರವಿವಾರ ಪಜಲ್ ಇಲ್ಲ; ಬೇಕಾದರೆ ಅಜ್ಜನ ಜೊತೆ ಆಟ, ಅದೂ ನಗುತ್ತ.

ನೀವು ಕೇಳಬಹುದು: ‘ಸಾಕು’ ಎನ್ನುವ ಅಧಿಕಾರವನ್ನು ಮಕ್ಕಳ ಕೈಗೆ ಕೊಟ್ಟರೆ ಮೊದಲ ದಿನವೇ ಸಾಕು ಎನ್ನುವುದಿಲ್ಲವೇ? ಹಂಗೇರಿಯ ಪೋಲ್ಗಾರ್ ತನ್ನ ಮೂವರು ಹೆಣ್ಣುಮಕ್ಕಳಿಗೆ ಚಿಕ್ಕಂದಿನಿಂದ ಚೆಸ್ ಹಿಡಿಸಿದ್ದರಿಂದಲೇ ಅಲ್ಲವೇ ಜುಡಿತ್ 1991ರಲ್ಲಿ, ಹದಿನೈದರ ವಯಸ್ಸಿಗೇ, ಗ್ರ್ಯಾಂಡ್ ಮಾಸ್ಟರ್ ಆದದ್ದು? ಪ್ರಶ್ನೆ ನ್ಯಾಯವಾದದ್ದೇ. ಆದರೆ ಒಂದನ್ನು ಮರೆಯಬಾರದು. ಗೆದ್ದವರ ಅಭ್ಯಾಸ ಪುಸ್ತಕವಾಗುತ್ತದೆ. ಅಷ್ಟೇ ಅಭ್ಯಾಸ ಮಾಡಿ, ಬತ್ತಿಹೋಗಿ, ಹಲಗೆಯನ್ನು ಅಟ್ಟಕ್ಕೆ ಹಾಕಿದ ಮಕ್ಕಳ ಕಥೆಯನ್ನು ಯಾರೂ ಬರೆಯುವುದಿಲ್ಲ. ಒಂದೇ ಕಡೆಯ ಸಾಕ್ಷಿ ಕೇಳಿ ತೀರ್ಪು ಕೊಡಲಾಗದು. ನಮ್ಮ ರಾಜ್ಯದ ಮೊದಲ ಗ್ರ್ಯಾಂಡ್ ಮಾಸ್ಟರ್, ಮೈಸೂರಿನ ತೇಜಕುಮಾರ್, ಆ ಪದವಿ ಪಡೆದದ್ದು 2017ರಲ್ಲಿ, ಮೂವತ್ತರ ನಡುವನ್ನು ದಾಟಿದ ಮೇಲೆ. ಅವರು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ನೈಋತ್ಯ ರೈಲ್ವೆಯ ನೌಕರರು. ಕೊನೆರು ಹಂಪಿ 2002ರಲ್ಲೇ ಗ್ರ್ಯಾಂಡ್ ಮಾಸ್ಟರ್ ಆದವರು. ತಾಯಿಯಾಗುವ ಹೊತ್ತಿಗೆ ಆಟದಿಂದ ಬಿಡುವು ಪಡೆದು, ಮರಳಿ ಬಂದು 2019ರಲ್ಲಿಯೂ 2024ರಲ್ಲಿಯೂ ವಿಶ್ವ ರ್‍ಯಾಪಿಡ್ ಚಾಂಪಿಯನ್ ಆದರು. ಬಿಡುವಿನಿಂದ ಗೆದ್ದರು ಎಂದು ನಾನು ಹೇಳುವುದಿಲ್ಲ. ಬಿಡುವಿನಿಂದ ಎಲ್ಲವೂ ಮುಗಿದು ಹೋಗುವುದಿಲ್ಲ ಎಂದಷ್ಟೇ ಹೇಳುತ್ತೇನೆ.

ಪತಂಜಲಿಯ ಯೋಗಸೂತ್ರ ಮನಸ್ಸನ್ನು ಹಿಡಿತಕ್ಕೆ ತರಲು ಅಭ್ಯಾಸದ ಪಕ್ಕದಲ್ಲೇ ವೈರಾಗ್ಯವನ್ನೂ ಇಟ್ಟಿದೆ. ವೈರಾಗ್ಯ ಎಂದರೆ ಕೆಲಸ ಬಿಟ್ಟು ಕೂರುವುದೆಂದು ನಾವು ತಪ್ಪು ತಿಳಿಯುತ್ತೇವೆ. ನನಗೆ ತೋರುವಂತೆ ಇಲ್ಲಿ ಬಿಡಬೇಕಾದದ್ದು ಕೆಲಸವನ್ನಲ್ಲ, ಅಂಕದ ಹಂಬಲವನ್ನು. ಆ ಹುಡುಗಿಯನ್ನು ದಣಿಸಿದ್ದು ಚದುರಂಗವಲ್ಲ. ನಿನ್ನೆಗಿಂತ ಇಂದು ಇಳಿಯಬಾರದು ಎಂಬ ಭಯ. ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನು ಅರವತ್ನಾಲ್ಕು ಮನೆಗಳಿಗೂ ಒಂದೊಂದೇ ಸಲ ನಡೆಸುವ ದಾರಿಗಳನ್ನು ರಚಿಸಿದ್ದರು. ಅದರಲ್ಲಿ ಎದುರಾಳಿಯಿಲ್ಲ, ಸೋಲು ಗೆಲುವಿಲ್ಲ. ಅಂಥ ಕುತೂಹಲದ ಒಂದು ಪಾಲು ಉಳಿಯದಿದ್ದರೆ ಯಾವ ಅಭ್ಯಾಸವೂ ಬಹಳ ದಿನ ಬಾಳುವುದಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಪ್ರಶ್ನೆಗೆ ಇನ್ನೊಂದು ಮಗ್ಗುಲಿದೆ. ಮಧ್ಯಾಹ್ನ ಸ್ವಲ್ಪ ಅಡ್ಡಾಗಿದ್ದಾಗ ಗೇಟಿನ ಸಪ್ಪಳವಾದರೆ ನಾವು ಯಾಕೆ ದಡಬಡಿಸಿ ಏಳುತ್ತೇವೆ? ಮಲಗಿದ್ದು ಕಳ್ಳತನವೇನು? ಆದರೂ ಕೈಗೆ ಏನಾದರೂ ಎತ್ತಿಕೊಂಡು, ಕೆಲಸದಲ್ಲಿದ್ದೆ ಎಂದು ತೋರಿಸುತ್ತೇವೆ. ದಣಿಯದವಳೇ ಒಳ್ಳೆಯವಳು ಎಂದು ಯಾರೋ ನಮಗೆ ಕಲಿಸಿದ್ದಾರೆ. ಅವರಿಗೂ ಅವರ ಹಿರಿಯರು ಕಲಿಸಿರಬೇಕು. ಮಗಳು “ಸಾಕವ್ವಾ” ಎಂದಾಗ ನಮಗೆ ಬರುವ ಸಿಟ್ಟಿನಲ್ಲಿ ಅವಳ ಭವಿಷ್ಯದ ಕಾಳಜಿ ಎಷ್ಟು, ನಾವೆಂದೂ ಆಡಲಾಗದ ಮಾತನ್ನು ಅವಳು ಆಡಿದಳೆಂಬ ಕಸಿವಿಸಿ ಎಷ್ಟು ಎಂದು ಕೇಳಿಕೊಳ್ಳಬೇಕು. ರಾತ್ರಿ ಹನ್ನೆರಡರವರೆಗೆ ಹೊಲಿಗೆ ಯಂತ್ರದ ಮುಂದೆ ಕೂತ ತಾಯಿಗೆ ‘ಮಗಳಿಗೆ ಬಿಡುವು ಕೊಡಿ’ ಎನ್ನುವುದು ಸುಲಭ. ಆ ತಾಯಿಗೆ ಬಿಡುವು ಕೊಡುವವರು ಯಾರು? ಈ ಮಾತು ಅವರೇ ಕೇಳಿದರು, ಸಿಟ್ಟಿನಿಂದಲ್ಲ, ನಕ್ಕೊಂಡೇ. ನನ್ನಲ್ಲಿ ಉತ್ತರವಿರಲಿಲ್ಲ. ದುಡಿಮೆಯ ದಣಿವು ಬೇರೆ, ಕಲಿಕೆಯ ದಣಿವು ಬೇರೆ. ಮೊದಲನೆಯದನ್ನು ನಿಲ್ಲಿಸಿದರೆ ಒಲೆ ನಿಲ್ಲುತ್ತದೆ. ಆದರೆ ಅದೇ ಕಾರಣಕ್ಕೆ, ನಿಲ್ಲಿಸಲು ಸಾಧ್ಯವಿರುವಲ್ಲಾದರೂ ನಿಲ್ಲಿಸಲು ಮಕ್ಕಳು ಕಲಿಯಲಿ ಎಂದು ಅವರೂ ಒಪ್ಪಿದರು.

ಈಗ ಐದು ತಿಂಗಳಾಗಿದೆ. ಹುಡುಗಿ ಕಪ್ ಏನೂ ತಂದಿಲ್ಲ. ಮೊನ್ನೆ ಧಾರವಾಡದ ಪಂದ್ಯದಲ್ಲಿ ಏಳರಲ್ಲಿ ನಾಲ್ಕು ಗೆದ್ದಳು, ಒಂದನ್ನು ಅವಸರದಲ್ಲಿ ಕಳೆದುಕೊಂಡಳು. ಅರವತ್ತು ಪಜಲ್ ಮುಗಿದು ಎರಡನೆಯ ನೋಟುಬುಕ್ ಬಂದಿದೆ. ಕೆಲವು ದಿನ ಎಂಟನೆಯದಕ್ಕೇ “ಇವತ್ತಿಗೆ ಸಾಕ್ರೀ” ಎಂದು ಮುಚ್ಚಿಡುತ್ತಾಳೆ. ಮರುದಿನ ಯಾರೂ ಕರೆಯದೆ ತಾನೇ ತೆರೆಯುತ್ತಾಳೆ. ನನಗೆ ತಿಳಿದ ಮಟ್ಟಿಗೆ, ಸರಿಯಾದ ‘ಸಾಕು’ ಯಾವುದೆಂದು ಅಳೆಯಲು ಇದಕ್ಕಿಂತ ಬೇರೆ ಮಾಪಕವಿಲ್ಲ. ಬಿಟ್ಟ ಕೆಲಸ ಮರುದಿನ ನಮ್ಮನ್ನು ಕರೆಯುತ್ತದೆಯೇ, ಹೆದರಿಸುತ್ತದೆಯೇ ಎಂದು ನೋಡಬೇಕು. ಇನ್ನೆರಡು ವರ್ಷಕ್ಕೆ ಎಸ್ಸೆಸ್ಸೆಲ್ಸಿ ಬರುತ್ತದೆ. ಆಗ ಮನೆಯಲ್ಲಿ, ಸಾಲೆಯಲ್ಲಿ, ಟ್ಯೂಷನ್ನಿನಲ್ಲಿ ಎಲ್ಲರೂ ಸೇರಿ ‘ಇನ್ನಷ್ಟು, ಇನ್ನಷ್ಟು’ ಎನ್ನುವಾಗ ಅವಳ ಬಾಯಲ್ಲಿ ಈ ಸಣ್ಣ ಮಾತು ಉಳಿದಿರುತ್ತದೆಯೇ, ಉಳಿದರೆ ಕೇಳುವ ಕಿವಿ ನಮಗಿರುತ್ತದೆಯೇ? ಅದನ್ನು ಹುಡುಗಿಯೊಬ್ಬಳ ಮೇಲೆ ಹೊರಿಸುವಂತಿಲ್ಲ.