ಉಸಿರಿಗೆ ಒಡೆಯನಾರು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳನ್ನು ಕೂಡಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಕರೆಯುತ್ತಾರೆ. ಕಂದಾಯಕ್ಕೆ ತುಮಕೂರಿನದಾಗಿ, ಪಾಠಶಾಲೆಯ ಮಟ್ಟಿಗೆ ಬೇರೆಯಾದ ಈ ಸೀಮೆಯ ಹರೆಯದ ಮಕ್ಕಳ ವಿಷಯದಲ್ಲಿ ಹಿರಿಯರ ಕುತೂಹಲವೆಲ್ಲ, ಎಸ್ಸೆಸ್ಸೆಲ್ಸಿ ಫಲಿತಾಂಶ ಹೊರಬೀಳುವ ದಿನ ‘ಈ ಸಲ ಎಷ್ಟನೆಯ ಸ್ಥಾನ?’ ಎಂಬ ಪ್ರಶ್ನೆಯಲ್ಲಿ ಹುಟ್ಟಿ ಅದರಲ್ಲೇ ಅಡಗುತ್ತದೆ. ಆ ಅಂಕಪಟ್ಟಿಗೆ ಸಿಕ್ಕದ ಒಂದು ಸಂಗತಿಯನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇನೆ. ಮೆದುಳಿಗೆ ಸಲ್ಲಬೇಕಾದ ಆಮ್ಲಜನಕವನ್ನು ಬೇಕೆಂದೇ ತಪ್ಪಿಸಿ, ಅರಿವು ಮಸುಕಾಗುವ ಗಳಿಗೆಯ ಅಮಲಿಗೆ ಆಸೆಪಡುವ ಆಟವೊಂದುಂಟು. ಅದನ್ನು ಹೆಚ್ಚಾಗಿ ಚರ್ಚಿಸಿದವರು ಅಮೆರಿಕದ ವೈದ್ಯರಾದರೂ, ಮೊಬೈಲು ಹಿಡಿದ ಹುಡುಗನಿಗೆ ಪಾವಗಡದ ತಿರುಮಣಿಗೂ ಅಮೆರಿಕದ ಟೆಕ್ಸಾಸಿಗೂ ಅಂತರವೇ ಇಲ್ಲದ ಈ ಕಾಲದಲ್ಲಿ ಪರದೇಶದ ರೋಗವೆಂದು ಬದಿಗಿಡುವಂತಿಲ್ಲ.

ತಲೆ ತಿರುಗುವುದರಲ್ಲಿ ಸುಖವಿದೆಯೆಂಬುದನ್ನು ಮೊದಲೇ ಒಪ್ಪಿಬಿಡೋಣ. ಅಂಗಳದಲ್ಲಿ ಕೈಚಾಚಿ ಗಿರಗಿರನೆ ಸುತ್ತಿ ನೆಲಕ್ಕೆ ಬಿದ್ದು ಕೇಕೆಹಾಕಿ ನಗುವ ಕೂಸಿಗೂ, ದಂಡಿನ ಮಾರಮ್ಮನ ಜಾತ್ರೆಯ ರಂಕಲರಾಟೆಯಲ್ಲಿ ಕುಳಿತು ಕೆಳಗಿಳಿವಾಗ ಕಣ್ಣು ಮುಚ್ಚಿ ಕಿರುಚುವ ಕಿಶೋರಿಗೂ ಆ ಸುಖ ಗೊತ್ತು. ಫ್ರಾನ್ಸಿನ ಚಿಂತಕ ರೋಜೆ ಕೈವಾ 1958ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮನುಷ್ಯರ ಆಟಗಳನ್ನು ಸ್ಪರ್ಧೆ, ದೈವಾಧೀನ, ಅನುಕರಣ, ಭ್ರಮಣವೆಂದು ನಾಲ್ಕಾಗಿ ವಿಂಗಡಿಸಿ, ಈ ನಾಲ್ಕನೆಯದು ಕೆಟ್ಟರೆ ಮದ್ಯಕ್ಕೂ ಮಾದಕದ್ರವ್ಯಕ್ಕೂ ಇಳಿಯುತ್ತದೆಂದು ಹೇಳಿದ್ದಾನೆ. ಆದುದರಿಂದ ಈ ಬಯಕೆಯುಳ್ಳ ಹುಡುಗನನ್ನು ವಿಕೃತನೆನ್ನುವುದು ಅನ್ಯಾಯ. ಬಯಕೆ ಹಳೆಯದು, ಸಹಜವಾದದ್ದು. ಅವನು ಹಿಡಿದ ದಾರಿಯನ್ನಷ್ಟೇ ವಿಚಾರಣೆಗೆ ತೆಗೆದುಕೊಳ್ಳಬೇಕು.

‘ಉಸಿರು ನನ್ನದು, ಅಪಾಯವೂ ನನ್ನದೇ, ಬೆಟ್ಟ ಹತ್ತುವವರನ್ನು ನೀವು ತಡೆಯುವುದಿಲ್ಲವಲ್ಲ’ ಎಂದು ಅವನು ಕೇಳಿದರೆ ಪ್ರಶ್ನೆ ಗಂಭೀರವಾದುದೆಂದೇ ನಾನು ಎಣಿಸುತ್ತೇನೆ. ಮಧುಗಿರಿಯ ಏಕಶಿಲಾಬೆಟ್ಟವನ್ನು ಏರುವವನು, ಬಂಡೆಯಲ್ಲಿ ಕಡಿದ ಮೆಟ್ಟಿಲು ಕಡಿದಾಗುತ್ತ ಹೋದಂತೆ, ಒಂದೆಡೆ ಕುಳಿತು ಅಂಗೈಯ ಬೆವರನ್ನು ಒರೆಸಿಕೊಂಡು, ಮೇಲೊಮ್ಮೆ ಕೆಳಗೊಮ್ಮೆ ನೋಡಿ, ಇಂದಿಗೆ ಇಷ್ಟು ಸಾಕೆಂದು ಹಿಂದಿರುಗಬಲ್ಲನು. ಅಪಾಯ ಹೆಚ್ಚಿದಷ್ಟೂ ಅವನ ಎಚ್ಚರವೂ ಹೆಚ್ಚುತ್ತದೆ. ಆಯ್ದವನು ಕೊನೆಯವರೆಗೂ ತನ್ನ ಆಯ್ಕೆಯ ಒಡೆಯನಾಗಿಯೇ ಉಳಿದಿರುತ್ತಾನೆ. ಉಸಿರನ್ನು ಕಸಿಯುವ ಆಟದಲ್ಲಾದರೋ ಮೊಟ್ಟಮೊದಲು ಕರಗುವವನೇ ಆಯ್ದವನು. ದೇಹತೂಕದ ನೂರಕ್ಕೆ 2ರಷ್ಟಿರುವ ಮೆದುಳು ದೇಹಕ್ಕೆ ಬಂದ ಆಮ್ಲಜನಕದಲ್ಲಿ ನೂರಕ್ಕೆ ಸುಮಾರು 20ರಷ್ಟು ಪಾಲನ್ನು ಬಳಸುತ್ತದೆ. ಅದಕ್ಕೆ ಕೂಡಿಡುವ ಕಣಜವಿಲ್ಲ. ಸಾಕೆಂದು ನಿಲ್ಲಿಸಬೇಕಾದ ವಿವೇಕವೂ, ಆ ಆಜ್ಞೆಯನ್ನು ನಡೆಸಬೇಕಾದ ಕೈಯೂ ಅದೇ ಮೆದುಳಿನ ಅಧೀನವಾದುದರಿಂದ, ‘ಸಮಯಕ್ಕೆ ಸರಿಯಾಗಿ ನಿಲ್ಲಿಸುತ್ತೇನೆ’ ಎಂಬ ಮಾತನ್ನು ನಡೆಸಿಕೊಡಲು ಆಡಿದವನೇ ಅಲ್ಲಿ ಇರುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಸಾಯತೊಡಗುವ ಮೆದುಳಿನ ಕೋಶಗಳು ಮರಳಿ ಬರಲಾರವು. ಸುಖವೆಂದು ಅವನು ತಿಳಿದದ್ದು ಆ ಹಾನಿಯ ಹೊಸ್ತಿಲು.

ಛಾಂದೋಗ್ಯ ಉಪನಿಷತ್ತಿನಲ್ಲಿ ಇಂದ್ರಿಯಗಳು ತಮ್ಮಲ್ಲಿ ಶ್ರೇಷ್ಠರಾರೆಂದು ಜಗಳವಾಡಿದ ಕಥೆಯನ್ನು ಓದುವಾಗೆಲ್ಲ ಈ ಹುಡುಗನ ನೆನಪಾಗುತ್ತದೆ. ವಾಕ್ಕು ಒಂದು ವರ್ಷ ಹೊರಟುಹೋಗಿ ಹಿಂದಿರುಗಿ, ನಾನಿಲ್ಲದೆ ಹೇಗೆ ಬದುಕಿದಿರೆಂದು ಕೇಳಿತು, ಮಿಕ್ಕವು ಮೂಕರಂತೆ ಬದುಕಿದೆವೆಂದವು. ಕಣ್ಣೂ ಕಿವಿಯೂ ಮನಸ್ಸೂ ಹಾಗೆಯೇ ಹೋಗಿ ಬಂದವು. ಪ್ರಾಣವು ಹೊರಡಲು ಅಣಿಯಾದ ಮಾತ್ರಕ್ಕೆ ಉಳಿದವೆಲ್ಲ ಬುಡಸಹಿತ ಅಲುಗಿ, ಹೋಗಬೇಡವೆಂದು ಬೇಡಿಕೊಂಡವು. ಪ್ರಾಣದ ಹಿರಿಮೆಯನ್ನು ಹೇಳಲು ಹೊರಟ ಕಥೆಯಾದರೂ ಇನ್ನೊಂದು ಸೂಕ್ಷ್ಮ ಅದರಲ್ಲಿದೆ: ಗೈರುಹಾಜರಿಯ ಪ್ರಯೋಗಕ್ಕೆ ಮಿಕ್ಕ ಇಂದ್ರಿಯಗಳು ಎಡೆಕೊಡುತ್ತವೆ, ಉಸಿರು ಕೊಡುವುದಿಲ್ಲ. ಕಣ್ಣು ಮುಚ್ಚಿ ತೆರೆದಷ್ಟೇ ಸುಲಭವಾಗಿ ಪ್ರಾಣವನ್ನು ಕಳಿಸಿ ಕರೆಸಬಹುದೆಂಬ ಎಣಿಕೆಯಲ್ಲಿಯೇ ಹುಡುಗನು ಎಡವಿದ್ದು.

ಕೊರಟಗೆರೆಯ ಸಿದ್ಧರಬೆಟ್ಟದ ಗುಹೆಗಳನ್ನು ತೋರಿಸಿ, ಅಲ್ಲಿ ತಪಸ್ಸು ಮಾಡಿದರೆಂದು ಹೇಳಲಾಗುವ ಸಿದ್ಧರು ಉಸಿರು ಕಟ್ಟಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಸ್ವಾತ್ಮಾರಾಮನ ಹಠಯೋಗಪ್ರದೀಪಿಕೆ ಹೇಳುವ ಎಂಟು ಕುಂಭಕಗಳಲ್ಲಿ, ಅಂದರೆ ಉಸಿರು ಬಿಗಿಹಿಡಿಯುವ ಕ್ರಮಗಳಲ್ಲಿ, ಒಂದರ ಹೆಸರು ಮೂರ್ಛಾ ಎಂದೇ ಇದೆ, ಅದರಲ್ಲಿ ಸುಖವುಂಟೆಂಬ ಮಾತೂ ಇದೆ. ಇದನ್ನು ಮರೆಮಾಚಿ ನಮ್ಮ ಪರಂಪರೆಯನ್ನು ಹೊಗಳುವುದು ಪ್ರಾಮಾಣಿಕತೆಯಲ್ಲ. ಆದರೆ ಆ ಗ್ರಂಥದ ಅದೇ ಅಧ್ಯಾಯವು, ಮೆಲ್ಲಮೆಲ್ಲನೆ ಪಳಗಿಸದ ಪ್ರಾಣವು ಸಾಧಕನನ್ನೇ ಕೊಲ್ಲುವುದೆಂದು ಎಚ್ಚರಿಸುತ್ತದೆ, ಗುರುವಿನ ಉಪದೇಶವನ್ನು ಅನುಸರಿಸಬೇಕೆನ್ನುತ್ತದೆ. ವರ್ಷಗಳ ಶಿಸ್ತಿನ ಕೊನೆಗೆ ಬರುವುದನ್ನು ಬಾಗಿಲಿಕ್ಕಿದ ಕೋಣೆಯಲ್ಲಿ ಒಂದು ಸಂಜೆಗೆ ಪಡೆಯಹೊರಟವನಿಗೆ ಗುರುವೂ ಇಲ್ಲ, ನೆರೆಯವನೂ ಇಲ್ಲ.

ಈ ಏಕಾಂತವೇ ಅತ್ಯಂತ ಘೋರ. ಕಬಡ್ಡಿಯಲ್ಲಿಯೂ ಉಸಿರೇ ಪಣ. ಆದರೆ ಉಸಿರು ಮುಗಿದವನು ಔಟಾಗಿ ಗೆರೆಯಾಚೆ ಗೆಳೆಯರ ನಡುವೆ ಕುಳಿತುಕೊಳ್ಳುತ್ತಾನೆ. ಅಮೆರಿಕದ ರೋಗನಿಯಂತ್ರಣ ಕೇಂದ್ರವು 2008ರಲ್ಲಿ ಪ್ರಕಟಿಸಿದ ವರದಿಯಲ್ಲಿ, 1995ರಿಂದ 2007ರವರೆಗೆ ಈ ಆಟದಿಂದ ಸತ್ತಿರಬಹುದಾದ 6ರಿಂದ 19 ವಯಸ್ಸಿನ 82 ಮಂದಿಯ ಲೆಕ್ಕವಿದೆ. ಅವರ ಸರಾಸರಿ ವಯಸ್ಸು 13 ದಾಟಿತ್ತಷ್ಟೆ. ಬಹುಪಾಲು ಹುಡುಗರು, ಹೆಚ್ಚುಕಡಮೆ ಎಲ್ಲರೂ ಒಂಟಿಯಾಗಿದ್ದಾಗ ಸತ್ತವರು. ವಿವರ ದೊರೆತ ಪ್ರಕರಣಗಳಲ್ಲಿ ತಂದೆತಾಯಿಗಳಲ್ಲಿ ಹತ್ತಕ್ಕೆ ಒಂಬತ್ತು ಪಾಲಿಗೂ ಮಿಕ್ಕಿ, ಇಂಥದೊಂದು ಆಟವುಂಟೆಂಬುದನ್ನೇ ಕೇಳಿರಲಿಲ್ಲ.

ನಮ್ಮ ಪೇಟೆಗಳಲ್ಲಿ ಇದರ ದಾಯಾದಿಯೊಂದು ಪಂಕ್ಚರ್ ಅಂಗಡಿಯ ಸಲ್ಯೂಷನ್ನಿನ ಆವಿ ಮೂಸುವ ಚಟದ ರೂಪದಲ್ಲಿದೆ. ಹಾಗೆಯೇ ಮೂಸುತ್ತಿದ್ದ ಬಾಟಲಿಯ ವೈಟ್ನರನ್ನು ಕೇಂದ್ರ ಸರ್ಕಾರ 2012ರಲ್ಲಿ ನಿಷೇಧಿಸಿತು. ಆದರೂ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ದೊಡ್ಡವರಿಗಿಂತ ಮಕ್ಕಳಲ್ಲಿಯೇ ಬಳಕೆ ಹೆಚ್ಚಾಗಿದ್ದ ಅಮಲು ಇಂಥ ಆವಿಯದೊಂದೇ: ವಯಸ್ಕರಲ್ಲಿ ನೂರಕ್ಕೆ 0.58, ಮಕ್ಕಳಲ್ಲಿ 1.17.

ಹೇಳಿದರೆ ಕಲಿಸಿದಂತಾಗುವುದೆಂಬ ಭಯದಿಂದ ಅನೇಕ ಉಪಾಧ್ಯಾಯರು ಸುಮ್ಮನಿರುತ್ತಾರೆ. ಆಡುವ ರೀತಿಯನ್ನು ಹೇಳಬೇಕಾಗಿಲ್ಲ. ಆಗುವ ಹಾನಿಯನ್ನು ಹೇಳದಿರುವುದಕ್ಕೆ ಕಾರಣ ನನಗೆ ಕಾಣದು. ಕಾರಣವಿಲ್ಲದೆ ಮರುಕಳಿಸುವ ತಲೆನೋವು, ಕೆಂಪೇರಿದ ಕಣ್ಣು, ಮೈಮೇಲೆ ವಿವರಿಸಲಾಗದ ಗುರುತು ಕಂಡರೆ ಗದರುವುದಕ್ಕೆ ಮೊದಲು ಹತ್ತಿರ ಕೂರಿಸಿಕೊಂಡು ಕೇಳಬೇಕು. ಕೇಳಲು ಬಾಯಿ ಬಾರದ ಹೆತ್ತವರಿಗೆ 14416 ಎಂಬ ಟೆಲಿ ಮಾನಸ್ ಸಂಖ್ಯೆಯಿದೆ. ಹತ್ತನೆಯ ತರಗತಿಯ ವಿಜ್ಞಾನದ ‘ಜೀವಕ್ರಿಯೆಗಳು’ ಪಾಠದಲ್ಲಿ, ಆಮ್ಲಜನಕ ಸಾಲದಾದಾಗ ಸ್ನಾಯು ಲ್ಯಾಕ್ಟಿಕ್ ಆಮ್ಲದ ಅಡ್ಡದಾರಿ ಹಿಡಿಯುವ ವಿಚಾರ ಬರುತ್ತದೆ, ಮಕ್ಕಳು ಅದನ್ನು ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ. ಅದರ ಚಿತ್ರವನ್ನು ಹಲಗೆಯ ಮೇಲೆ ಬರೆದ ಮೇಷ್ಟ್ರು, ಅಳಿಸುವ ಮೊದಲು, ಆ ಅಡ್ಡದಾರಿಯಿಂದ ಮೆದುಳು ಬದುಕಲಾರದೆಂಬ ಒಂದು ವಾಕ್ಯವನ್ನು ಸೇರಿಸುವುದಕ್ಕೆ ಯಾವ ಇಲಾಖೆಯ ಸುತ್ತೋಲೆಯೂ ಬೇಕಾಗಿಲ್ಲ.